ಬಿಸಿಲು ಹೋದತ್ತ ಮುಖ

ಬೇಸಿಗೆ ಬಂತೆಂದರೆ ನಮ್ಮೆಲ್ಲರ ಮನೆಯ ತಾರಸಿಯ ಮೇಲೂ ಹಪ್ಪಳ, ಸಂಡಿಗೆಗಳ ಚಾಪೆ ಹರಡಿಕೊಳ್ಳುತ್ತದೆ. ಬೆಳಗ್ಗೆ ಹಾಸಿದ ಜಾಗದಲ್ಲೇ ಆ ಚಾಪೆ ಸಂಜೆಯವರೆಗೆ ಇರುವುದಿಲ್ಲ. ನೀರಿನ ಟ್ಯಾಂಕಿನ ನೆರಳು ಸರಿದು ಬಂದಂತೆಲ್ಲ ಅದನ್ನು ಬಿಸಿಲಿನತ್ತ ಎಳೆಯುತ್ತೇವೆ. ಸೂರ್ಯನನ್ನು ಹಿಂಬಾಲಿಸುವ ಈ ಕೆಲಸವನ್ನು ನಮಗೆ ಯಾರಾದರೂ ಕಲಿಸಿಕೊಟ್ಟಿದ್ದರೇ? ಇಲ್ಲ. ಅಮ್ಮ ಮಾಡಿದ್ದನ್ನು ನೋಡಿದೆವು, ನಾವೂ ಮಾಡಿದೆವು.

ಸೋಲಾರ್ ಪ್ಯಾನೆಲ್‌ಗಳಿಗೂ ಇದೇ ಕೆಲಸ ಮಾಡುವ ಯಂತ್ರವೊಂದಿದೆ. ಅದಕ್ಕೆ ಸೋಲಾರ್ ಟ್ರ್ಯಾಕರ್ ಎನ್ನುತ್ತಾರೆ. ಬೆಳಗ್ಗೆ ಪೂರ್ವಕ್ಕೆ, ಮಧ್ಯಾಹ್ನ ಆಕಾಶಕ್ಕೆ, ಸಂಜೆ ಪಶ್ಚಿಮಕ್ಕೆ ಪ್ಯಾನೆಲ್‌ನ ಮುಖ ತಿರುಗಿಸುವುದು ಅದರ ಕೆಲಸ. ನನ್ನ ಅಮ್ಮಿಯ ಹೊಲದಲ್ಲಿ ಆ ಯಂತ್ರ ಇರಲಿಲ್ಲ. ಆ ಕೆಲಸವನ್ನು ಅಮ್ಮಿಯೇ ಮಾಡುತ್ತಿದ್ದರು. ಅವರು ಹಾಸಿಗೆ ಹಿಡಿದ ಮೇಲಷ್ಟೇ ಅದರ ಬೆಲೆ ನಮಗೆ ಗೊತ್ತಾಯಿತು.

ನಮ್ಮ ತವರು ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಹಳ್ಳಿ. ಅಬ್ಬಾ ತೀರಿಕೊಂಡ ಮೇಲೂ ಅಮ್ಮಿ ಎರಡು ಎಕರೆ ಹೊಲವನ್ನು ಬಿಡಲಿಲ್ಲ. ಒಂದು ತೆರೆದ ಬಾವಿ, ಅದರ ಪಕ್ಕದಲ್ಲಿ ಮೆಣಸಿನಕಾಯಿ, ಬದನೆ, ಒಂದಿಷ್ಟು ಕನಕಾಂಬರ, ಎರಡು ಎಮ್ಮೆಗಳಿಗೆ ಮೇವು. ಕರೆಂಟು ರಾತ್ರಿ ಹೊತ್ತು ಬರುತ್ತಿತ್ತು. ಕತ್ತಲಲ್ಲಿ ಟಾರ್ಚ್ ಹಿಡಿದು ಮೋಟಾರ್ ಹಾಕಲು ಹೋಗುವ ಕಷ್ಟ ತಪ್ಪಲೆಂದು ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಹಾಕಿಸಿಕೊಂಡರು. ಆರು ಪ್ಯಾನೆಲ್‌ಗಳು, ಒಂದು ದಪ್ಪ ಕಂಬದ ಮೇಲೆ. ಬ್ಯಾಟರಿ ಇಲ್ಲ. ಬಿಸಿಲಿದ್ದರೆ ನೀರು, ಇಲ್ಲದಿದ್ದರೆ ಇಲ್ಲ.

ಹಾಕಲು ಬಂದ ಹುಡುಗರು ಕಂಬದ ತಲೆಯಲ್ಲಿದ್ದ ಒಂದು ಕಬ್ಬಿಣದ ಪಿನ್ನು ತೋರಿಸಿ, "ಅಮ್ಮಾ, ಇದನ್ನು ತೆಗೆದು ಚೌಕಟ್ಟನ್ನು ತಳ್ಳಿ ಮತ್ತೆ ಸಿಕ್ಕಿಸಿ. ದಿನಕ್ಕೆ ಮೂರು ಸಲ ತಿರುಗಿಸಿದರೆ ನೀರು ಜಾಸ್ತಿ ಬರುತ್ತದೆ" ಎಂದಿದ್ದರಂತೆ. ಸುತ್ತಮುತ್ತ ಇಂಥ ಪಂಪ್ ಹಾಕಿಸಿಕೊಂಡ ಕೆಲವರು ಒಂದು ವಾರ ತಿರುಗಿಸಿ ಕೈಬಿಟ್ಟರು. ಅಮ್ಮಿ ಬಿಡಲಿಲ್ಲ. ಹತ್ತೂವರೆಗೆ ಎಮ್ಮೆಗೆ ನೀರು ಕುಡಿಸುವಾಗ ಪ್ಯಾನೆಲ್ ಮಟ್ಟಸ. ಝುಹರ್ ನಮಾಝ್ ಮುಗಿಸಿ ಬಂದು ಪಶ್ಚಿಮಕ್ಕೆ. ಮಗ್‌ರಿಬ್‌ಗೆ ಮುಂಚೆ ಮತ್ತೆ ಪೂರ್ವಕ್ಕೆ, ನಾಳೆಯ ಮೊದಲ ಬಿಸಿಲಿಗಾಗಿ. ಅವರಿಗೆ ಅದು ಹಾಲು ಕರೆದ ಹಾಗೆ, ಒಲೆ ಹಚ್ಚಿದ ಹಾಗೆ ಒಂದು ನಿತ್ಯದ ಕೆಲಸ.

2024ರ ಫೆಬ್ರವರಿಯಲ್ಲಿ ಅಮ್ಮಿ ಬದುವಿನ ಮೇಲೆ ಕಾಲು ಜಾರಿ ಬಿದ್ದರು. ಬಲ ಮುಂಗೈ ಮೂಳೆ ಮುರಿಯಿತು. ಬೆಂಗಳೂರಿನಲ್ಲಿರುವ ತಮ್ಮ ಇರ್ಫಾನ್ ಬಂದು ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದ. ಹೊಲಕ್ಕೆ ನೀರು ಬಿಡುವ ಕೆಲಸವನ್ನು ಪಕ್ಕದ ಹೊಲದ ಲಕ್ಷ್ಮಮ್ಮನಿಗೆ ಒಪ್ಪಿಸಿದ್ದಾಯಿತು. ಎರಡು ವಾರದಲ್ಲಿ ಲಕ್ಷ್ಮಮ್ಮನ ಫೋನ್: "ಪಂಪ್ ಕೆಟ್ಟೋಗಿದೆ ಕಣಪ್ಪಾ. ಹತ್ತು ಗಂಟೆ ಆದರೂ ನೀರು ಎತ್ತಲ್ಲ. ಕೊನೇ ಸಾಲಿನ ಮೆಣಸಿನ ಗಿಡ ಬಾಡ್ತಾ ಇದೆ."

ಇರ್ಫಾನ್ ಮೆಕ್ಯಾನಿಕ್‌ನನ್ನು ಕಳಿಸಿದ. ಆತ ಪಂಪ್ ಬಿಚ್ಚಿ ನೋಡಿ, ವೈರುಗಳನ್ನು ನೋಡಿ, ಕೊನೆಗೆ ತಲೆಯೆತ್ತಿ ಪ್ಯಾನೆಲ್ ನೋಡಿದನಂತೆ. ಅಮ್ಮಿ ಬಿದ್ದದ್ದು ಒಂದು ಸಂಜೆ. ಪ್ಯಾನೆಲ್‌ಗಳು ಅಂದಿನಿಂದ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದ್ದವು. "ಪಂಪ್ ಕೆಟ್ಟಿಲ್ಲ, ಪ್ಯಾನೆಲ್‌ಗೆ ಬಿಸಿಲು ಬೀಳುತ್ತಿಲ್ಲ ಅಷ್ಟೇ" ಎಂದು ಹೇಳಿ, ಬಂದ ಖರ್ಚು ತೆಗೆದುಕೊಂಡು ಹೋದ.

ನನ್ನ ತಮ್ಮನಿಗೆ ಅದೇ ಒಂದು ನೆಪವಾಯಿತು. "ಆಪಾ, ಈ ವಯಸ್ಸಿನಲ್ಲಿ ಅಮ್ಮಿ ದಿನಕ್ಕೆ ಮೂರು ನಾಲ್ಕು ಸಲ ಆ ಕಬ್ಬಿಣ ತಳ್ಳಬೇಕಾ? ಹೊಲ ಗುತ್ತಿಗೆಗೆ ಕೊಟ್ಟುಬಿಡೋಣ. ಅಮ್ಮಿ ನನ್ನ ಜೊತೆ ಬೆಂಗಳೂರಿನಲ್ಲಿ ಇರಲಿ" ಎಂದ. ಅವನ ಮಾತಿನಲ್ಲಿ ಪ್ರೀತಿ ಇತ್ತು, ತಪ್ಪೇನೂ ಇರಲಿಲ್ಲ. ಆದರೆ ಅಮ್ಮಿ ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತು, "ಬದನೆ ಹೂವು ಬಿಟ್ಟಿರಬೇಕು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ರಮಝಾನ್‌ಗೆ ಇನ್ನೂ ಎರಡು ವಾರ ಇತ್ತು. ಮಕ್ಕಳನ್ನು ನಮ್ಮವರಿಗೆ ಒಪ್ಪಿಸಿ, ಅಮ್ಮಿಯನ್ನು ಕರೆದುಕೊಂಡು ನಾನೇ ತುಮಕೂರಿನಿಂದ ಊರಿಗೆ ಹೊರಟೆ.

ಮೊದಲ ದಿನ ಬೆಳಗ್ಗೆ ಅಮ್ಮಿ ನನಗೊಂದು ಪಾಠ ಹೇಳಿಕೊಟ್ಟರು. ಸೋದರಿಯರೇ, ಅದನ್ನು ನೀವೂ ನಾಳೆ ಬೆಳಗ್ಗೆ ನಿಮ್ಮ ತಾರಸಿಯ ಮೇಲೆ ಮಾಡಿ ನೋಡಬಹುದು. ಸೂರ್ಯ ಹುಟ್ಟಿ ಎರಡು ಗಂಟೆಯಾದ ಹೊತ್ತಿಗೆ ಒಂದು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಅದನ್ನು ನೆಲಕ್ಕೆ ಸಮನಾಗಿ ಹಿಡಿಯಿರಿ. ನೆಲದ ಮೇಲೆ ತಟ್ಟೆಯಷ್ಟೇ ದೊಡ್ಡ ನೆರಳು ಬೀಳುತ್ತದೆ. ಈಗ ತಟ್ಟೆಯನ್ನು ನೇರವಾಗಿ ಸೂರ್ಯನಿಗೆ ತೋರಿಸಿ. ನೆರಳು ಉದ್ದವಾಗಿ, ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಇನ್ನು ಅಂಚನ್ನು ಸೂರ್ಯನತ್ತ ಹಿಡಿದರೆ ನೆರಳು ಬರೀ ಒಂದು ಗೆರೆ.

ನೆರಳು ಎಂದರೇನು? ತಟ್ಟೆ ತಡೆದು ಹಿಡಿದ ಬೆಳಕು. ತಟ್ಟೆ ಅದೇ, ಬಿಸಿಲು ಅದೇ. ಮುಖ ತಿರುಗಿಸಿದ್ದಕ್ಕೆ ಸಿಕ್ಕ ಬೆಳಕು ಎರಡರಷ್ಟಾಯಿತು. ಪ್ಯಾನೆಲ್ ಕೂಡ ಒಂದು ತಟ್ಟೆಯೇ. ಸೂರ್ಯನ ಕಿರಣ ಅದರ ಮೇಲೆ ನೇರವಾಗಿ ಬಿದ್ದಾಗ ಅದು ಅತಿ ಹೆಚ್ಚು ವಿದ್ಯುತ್ ಕೊಡುತ್ತದೆ. ಕಿರಣ 30 ಡಿಗ್ರಿ ಓರೆಯಾದರೆ ನಷ್ಟ ಸ್ವಲ್ಪವೇ, ನೂರರಲ್ಲಿ ಸುಮಾರು 13 ಪಾಲು. ಆದರೆ 60 ಡಿಗ್ರಿ ಓರೆಯಾದರೆ ನೇರ ಬಿಸಿಲಿನ ಅರ್ಧವೇ ಹೋಗುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಸೂರ್ಯನೂ ಆಕಾಶದಲ್ಲಿ ಗಂಟೆಗೆ ಅಷ್ಟೇ ಸರಿದಂತೆ ಕಾಣುತ್ತದೆ. ಅಂದರೆ ಒಂದೇ ಕಡೆ ನೋಡುತ್ತಾ ನಿಂತ ಪ್ಯಾನೆಲ್‌ಗೆ ಬಿಸಿಲು ನೆಟ್ಟಗೆ ಬೀಳುವುದು ನಡುಹಗಲಿನ ಕೆಲವು ಗಂಟೆ ಮಾತ್ರ.

ಇಲ್ಲಿ ಅಮ್ಮಿಯ ಪಂಪ್‌ನದು ಇನ್ನೊಂದು ಗುಟ್ಟು. ಬಲ್ಬ್ ಆದರೆ ಕಡಿಮೆ ಕರೆಂಟಿನಲ್ಲಿ ಮಂದವಾಗಿಯಾದರೂ ಉರಿಯುತ್ತದೆ. ಪಂಪ್ ಹಾಗಲ್ಲ. ಬಾವಿಯ ಆಳದಿಂದ ನೀರನ್ನು ಮೇಲಕ್ಕೆ ಎತ್ತಲು ಇಂತಿಷ್ಟು ಶಕ್ತಿ ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಸ್ವಲ್ಪ ನೀರು ಬರುವುದಿಲ್ಲ, ನೀರೇ ಬರುವುದಿಲ್ಲ. ಹಾಗಾಗಿ ಬೆಳಗ್ಗೆ ಪೂರ್ವಕ್ಕೆ ತಿರುಗಿಸಿದರೆ ಪಂಪ್ ಬೇಗ ಎಚ್ಚರವಾಗುತ್ತದೆ, ಸಂಜೆ ಪಶ್ಚಿಮಕ್ಕೆ ತಿರುಗಿಸಿದರೆ ತಡವಾಗಿ ಮಲಗುತ್ತದೆ. ಲಕ್ಷ್ಮಮ್ಮ ಕಂಡದ್ದು ಇದರ ತಿರುವುಮುರುವು. ಪ್ಯಾನೆಲ್ ಪಶ್ಚಿಮಕ್ಕಿತ್ತು, ಆದ್ದರಿಂದ ಹತ್ತು ಗಂಟೆಯಾದರೂ ಪಂಪ್‌ಗೆ ಬೆಳಗಾಗಿರಲಿಲ್ಲ.

ನಾನು ಲೆಕ್ಕ ಇಡುವ ಸ್ವಭಾವದವಳು. ಮಗಳ ಹಳೆಯ ನೋಟ್‌ಬುಕ್ ಒಂದನ್ನು ಜೊತೆಗೆ ತಂದಿದ್ದೆ. ಮಾರ್ಚ್ ಮೊದಲ ವಾರ, ಮೋಡವಿಲ್ಲದ ದಿನಗಳು. ಮೂರು ದಿನ ಪ್ಯಾನೆಲ್‌ಗಳನ್ನು ಮಟ್ಟಸವಾಗಿ ಬಿಟ್ಟೆ. ದಿನಕ್ಕೆ ಹೊಲದ ತೊಟ್ಟಿ ಎರಡು ಸಲ ತುಂಬಿತು. ಮುಂದಿನ ಮೂರು ದಿನ ಅಮ್ಮಿ ಹೇಳಿದ ಹೊತ್ತಿಗೆ ಸರಿಯಾಗಿ ತಿರುಗಿಸಿದೆ. ಎರಡು ಸಲ ತುಂಬಿ, ಮೂರನೆಯ ಸಲ ಅರ್ಧಕ್ಕೆ ಬಂತು. ಬಾಡುತ್ತಿದ್ದ ಕೊನೆಯ ಸಾಲಿಗೆ ಬೇಕಿದ್ದದ್ದು ಆ ಅರ್ಧ ತೊಟ್ಟಿ ನೀರೇ. ಆ ನೋಟ್‌ಬುಕ್ಕಿನ ಪುಟವನ್ನು ಫೋಟೋ ತೆಗೆದು ಇರ್ಫಾನ್‌ಗೆ ಕಳಿಸಿದೆ.

ಅವನೂ ಸುಮ್ಮನಿರಲಿಲ್ಲ. "ಹಾಗಾದರೆ ಮೋಟಾರ್ ಹಾಕಿಸಿಬಿಡೋಣ ಆಪಾ, ಅದೇ ತಿರುಗುತ್ತೆ" ಎಂದು, ಟ್ರ್ಯಾಕರ್ ಬಗ್ಗೆ ತಿಳಿದುಕೊಂಡದ್ದನ್ನೆಲ್ಲ ಫೋನಿನಲ್ಲಿ ನನಗೆ ವಿವರಿಸಿದ. ಅವನಿಂದ ಕೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ಟ್ರ್ಯಾಕರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಅಕ್ಷದ ಟ್ರ್ಯಾಕರ್‌ನಲ್ಲಿ ಉತ್ತರ ದಕ್ಷಿಣವಾಗಿ ಮಲಗಿಸಿದ ಉದ್ದನೆಯ ಕೊಳವೆಯ ಮೇಲೆ ಪ್ಯಾನೆಲ್‌ಗಳ ಸಾಲಿರುತ್ತದೆ. ಮೋಟಾರ್ ಆ ಕೊಳವೆಯನ್ನು ನಿಧಾನವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹೊರಳಿಸುತ್ತದೆ. ಎರಡು ಅಕ್ಷದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಪೂರ್ವ ಪಶ್ಚಿಮದ ಜೊತೆಗೆ, ಋತುವಿಗೆ ತಕ್ಕಂತೆ ಉತ್ತರ ದಕ್ಷಿಣಕ್ಕೂ ಬಾಗುತ್ತದೆ. ನಮ್ಮ ಕಡೆ ಡಿಸೆಂಬರ್‌ನ ಸೂರ್ಯ ನಡುಹಗಲಲ್ಲೂ ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಜೂನ್‌ನಲ್ಲಿ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೆ ಹೋಗುತ್ತಾನೆ. ಕದಲದೆ ನಿಂತ ಪ್ಯಾನೆಲ್‌ಗೆ ಹೋಲಿಸಿದರೆ ಒಂದು ಅಕ್ಷದ ಟ್ರ್ಯಾಕರ್ ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರಷ್ಟು ಹೆಚ್ಚು ವಿದ್ಯುತ್ ತರುತ್ತದೆ. ಎರಡು ಅಕ್ಷದ್ದು ಅದಕ್ಕಿಂತಲೂ ಹೆಚ್ಚು, ಆದರೆ ಬೆಲೆಯೂ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು.

ಸೂರ್ಯ ಎಲ್ಲಿದ್ದಾನೆಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಕೆಲವಕ್ಕೆ ಬೆಳಕು ಗುರುತಿಸುವ ಎರಡು ಪುಟ್ಟ ಕಣ್ಣುಗಳಿರುತ್ತವೆ, ನಡುವೆ ಒಂದು ತಡೆ. ಒಂದು ಕಣ್ಣಿಗೆ ನೆರಳು ಬಿದ್ದರೆ ಮೋಟಾರ್ ಇನ್ನೊಂದರ ಕಡೆಗೆ ತಿರುಗುತ್ತದೆ, ಎರಡಕ್ಕೂ ಸಮನಾಗಿ ಬೆಳಕು ಬಿದ್ದಾಗ ನಿಲ್ಲುತ್ತದೆ. ಆದರೆ ಮೋಡ ಬಂದರೆ ಈ ಕಣ್ಣುಗಳು ಗೊಂದಲಕ್ಕೆ ಬೀಳುತ್ತವೆ. ಆದ್ದರಿಂದ ದೊಡ್ಡ ಸೌರ ಕ್ಷೇತ್ರಗಳಲ್ಲಿ ಹೆಚ್ಚಾಗಿ ಲೆಕ್ಕವನ್ನೇ ನಂಬುತ್ತಾರೆ. ಊರಿನ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಕೊಟ್ಟರೆ ಸಾಕು, ಸೂರ್ಯ ಎಲ್ಲಿರುತ್ತಾನೆಂದು ಪುಟ್ಟ ಕಂಪ್ಯೂಟರ್ ಹೇಳುತ್ತದೆ.

ಇದನ್ನು ಕೇಳಿದಾಗ ನನ್ನ ಕಣ್ಣು ಅಮ್ಮಿಯ ಮನೆಯ ಗೋಡೆಯತ್ತ ಹೋಯಿತು. ನಮ್ಮೆಲ್ಲರ ಮನೆಯಲ್ಲಿರುವಂತೆ ಅಲ್ಲಿಯೂ ನಮಾಝಿನ ವೇಳಾಪಟ್ಟಿ ತೂಗುತ್ತಿತ್ತು. ಆ ವೇಳೆಗಳು ದಿನದಿಂದ ದಿನಕ್ಕೆ, ಊರಿನಿಂದ ಊರಿಗೆ ಬದಲಾಗುತ್ತವೆ, ಏಕೆಂದರೆ ಅವೂ ಸೂರ್ಯನ ಸ್ಥಾನ ನೋಡಿ ಮಾಡಿದ ಲೆಕ್ಕವೇ. ಅಸ್ರ್ ವೇಳೆಗೆ ನೆರಳಿನ ಉದ್ದ ನೋಡುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳು ನಾವು. ಟ್ರ್ಯಾಕರ್‌ನ ಲೆಕ್ಕ ನಮಗೆ ಹೊಸದೇನಲ್ಲ.

ಸೂರ್ಯಕಾಂತಿ ಹೂವಿನ ಹಾಗೆ ಎಂದು ನೀವು ಅಂದುಕೊಳ್ಳಬಹುದು. ಆದರೆ ಹಗಲಿಡೀ ಸೂರ್ಯನ ಹಿಂದೆ ತಿರುಗುವುದು ಎಳೆಯ ಸೂರ್ಯಕಾಂತಿ ಗಿಡ ಮಾತ್ರ. ಹೂವು ಪೂರ್ತಿ ಅರಳಿದ ಮೇಲೆ ಅದು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಟ್ರ್ಯಾಕರ್‌ಗೆ ಆ ಬಿಡುವೂ ಇಲ್ಲ. ಜೊತೆಗೆ ಎರಡು ಬುದ್ಧಿವಂತಿಕೆಗಳನ್ನು ಅದಕ್ಕೆ ಕಲಿಸಬೇಕಾಗುತ್ತದೆ. ಬಿರುಗಾಳಿ ಬಂದಾಗ ಓರೆಯಾಗಿ ನಿಂತ ಪ್ಯಾನೆಲ್ ದೋಣಿಯ ಹಾಯಿಯಂತೆ ಗಾಳಿ ಹಿಡಿಯುತ್ತದೆ, ಆಗ ಅದು ಗಾಳಿಯ ಹೊಡೆತ ತಪ್ಪಿಸಿಕೊಳ್ಳುವ ಹಾಗೆ ವಾಲಿ ನಿಲ್ಲಬೇಕು. ಇನ್ನೊಂದು, ಮುಂಜಾನೆ ಮತ್ತು ಸಂಜೆ ಸೂರ್ಯ ತಗ್ಗಿನಲ್ಲಿರುವಾಗ ಒಂದು ಸಾಲಿನ ನೆರಳು ಹಿಂದಿನ ಸಾಲಿನ ಮೇಲೆ ಬೀಳುತ್ತದೆ. ಪ್ಯಾನೆಲ್‌ನೊಳಗಿನ ಬಿಲ್ಲೆಗಳು ಸರಪಳಿಯಂತೆ ಜೋಡಿಸಿಕೊಂಡಿರುವುದರಿಂದ ಒಂದು ಮೂಲೆಗೆ ನೆರಳು ಬಿದ್ದರೂ ನಷ್ಟ ಆ ಮೂಲೆಗಷ್ಟೇ ನಿಲ್ಲುವುದಿಲ್ಲ. ಅದಕ್ಕಾಗಿ ಆ ಹೊತ್ತಿನಲ್ಲಿ ಟ್ರ್ಯಾಕರ್ ಬೇಕೆಂದೇ ಸೂರ್ಯನಿಂದ ಸ್ವಲ್ಪ ಮುಖ ತಿರುಗಿಸಿ, ಮಟ್ಟಸದ ಕಡೆಗೆ ಬರುತ್ತದೆ. ಪಕ್ಕದವರಿಗೆ ನೆರಳಾಗದಿರಲೆಂದು ತಾನು ಬಗ್ಗುವ ಈ ಯಂತ್ರದ ರೀತಿ ನನಗೆ ಬಹಳ ಹಿಡಿಸಿತು.

ಅಮ್ಮಿಯ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮೋಟಾರ್ ಕೆಟ್ಟರೆ ಯಾರು ಬರ್ತಾರೆ?"

ಇರ್ಫಾನ್ ವಿಚಾರಿಸಿ ನೋಡಿದ. ಆರು ಪ್ಯಾನೆಲ್‌ಗಳ ಒಂದು ಕಂಬಕ್ಕೆಂದು ಬೆಂಗಳೂರಿನಿಂದ ಆಳು ಬರಬೇಕಿತ್ತು. ದೊಡ್ಡ ಕ್ಷೇತ್ರದಲ್ಲಿ ಸಾವಿರಾರು ಪ್ಯಾನೆಲ್ ಇರುತ್ತವೆ, ರಿಪೇರಿಯವರು ಅಲ್ಲಿಯೇ ಇರುತ್ತಾರೆ. ನೂರಕ್ಕೆ 20 ಎಂಬ ಲಾಭ ಅವರಿಗೆ ಕೋಟಿಗಳ ಲೆಕ್ಕ. ನಮ್ಮ ಪಕ್ಕದ ಪಾವಗಡದ ಶಕ್ತಿ ಸ್ಥಳವನ್ನೇ ನೋಡಿ. 2018ರಲ್ಲಿ ಉದ್ಘಾಟನೆಯಾದ ಆ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ, ಸಾಮರ್ಥ್ಯ 2,050 ಮೆಗಾವ್ಯಾಟ್. ಅಂಥ ಕಡೆ ನೂರಕ್ಕೆ ಒಂದು ಹೆಚ್ಚಿದರೂ ದೊಡ್ಡ ಮೊತ್ತವೇ. ಅಮ್ಮಿಯ ಒಂಟಿ ಕಂಬದ ಮೋಟಾರ್ ಪಶ್ಚಿಮಕ್ಕೆ ತಿರುಗಿದಾಗಲೇ ಕೆಟ್ಟು ನಿಂತರೆ? ಮತ್ತದೇ ಬಾಡಿದ ಮೆಣಸಿನ ಸಾಲು.

ಕೊನೆಗೆ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ಮಧುಗಿರಿಯಿಂದ ವೆಲ್ಡಿಂಗ್‌ನವನನ್ನು ಕರೆಸಿ ಚೌಕಟ್ಟಿಗೆ ಉದ್ದನೆಯ ಪೈಪ್ ಒಂದನ್ನು ಹಿಡಿಕೆಯಾಗಿ ಬೆಸೆಸಿದೆವು. ಹಿಡಿಕೆ ಉದ್ದವಾದಷ್ಟೂ ತಳ್ಳುವ ಬಲ ಕಡಿಮೆ ಸಾಕು, ಈಗ ಎಡಗೈಯಲ್ಲೇ ತಿರುಗುತ್ತದೆ. ಪಿನ್ನು ಬಿದ್ದು ಕಳೆಯದಂತೆ ಸರಪಳಿ ಹಾಕಿಸಿದೆವು. ಪೂರ್ವ, ಮಟ್ಟಸ, ಪಶ್ಚಿಮ ಎಂಬ ಮೂರು ತೂತುಗಳ ಪಕ್ಕ ಹಸಿರು, ಹಳದಿ, ಕೆಂಪು ಬಣ್ಣ ಬಳಿದೆವು. ಲಕ್ಷ್ಮಮ್ಮನ ಜೊತೆ ಒಂದು ಒಪ್ಪಂದವೂ ಆಯಿತು. ಅಮ್ಮಿಗೆ ಕೈ ನೋವಿದ್ದ ದಿನ ಆಕೆ ತಿರುಗಿಸುತ್ತಾಳೆ. ಅವಳ ಹಸುಗಳಿಗೆ ನಮ್ಮ ತೊಟ್ಟಿಯಿಂದ ನೀರು. "ಮೊದಲೇ ಹೇಳಿದ್ದರೆ ನಾನೇ ತಿರುಗಿಸ್ತಿದ್ದೆ. ಅದು ತಿರುಗಿಸೋದು ಅಂತ ನಂಗೇನು ಗೊತ್ತು?" ಎಂದಳು. ಅವಳ ಮಾತು ನಿಜ. ಇಷ್ಟು ವರ್ಷ ಅಮ್ಮಿ ಮಾಡುತ್ತಿದ್ದ ಕೆಲಸವನ್ನು ನಾವು ಮಕ್ಕಳೇ ಗಮನಿಸಿರಲಿಲ್ಲ, ಇನ್ನು ಪಕ್ಕದವರಿಗೆ ಹೇಗೆ ಗೊತ್ತಾಗಬೇಕು?

ಈ ಪಾಠ ನನ್ನ ಮನೆಯಲ್ಲೂ ಉಪಯೋಗಕ್ಕೆ ಬಂತು. ಅದೇ 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಮನೆಯ ತಾರಸಿಯ ಸೋಲಾರ್‌ಗೆ 'ಪಿಎಂ ಸೂರ್ಯ ಘರ್' ಎಂಬ ಸಬ್ಸಿಡಿ ಯೋಜನೆ ಆರಂಭಿಸಿತ್ತು. ನಾನು ಚೀಟಿ ಎತ್ತಿದ ಹಣವಿತ್ತು. ನಮ್ಮವರಿಗೂ ಆಸೆ. ಅಂದಾಜು ಕೊಡಲು ಬಂದ ಏಜೆಂಟ್ ಆರು ಪ್ಯಾನೆಲ್‌ಗಳ ಲೆಕ್ಕ ಹೇಳಿ, ಕೊನೆಗೆ, "ಮೇಡಂ, ಆಟೊಮ್ಯಾಟಿಕ್ ಟ್ರ್ಯಾಕರ್ ಕೂಡ ಹಾಕಿಸಿಬಿಡಿ, ಕಾಲು ಭಾಗ ಹೆಚ್ಚು ಬರುತ್ತದೆ" ಎಂದ. ಅವನು ಹೇಳಿದ್ದು ಸುಳ್ಳೇನಲ್ಲ. ಆದರೆ ಅಮ್ಮಿಯ ಹೊಲದಿಂದ ಬಂದವಳಿಗೆ ಕೇಳಲು ಪ್ರಶ್ನೆಗಳಿದ್ದವು.

"ಟ್ರ್ಯಾಕರ್‌ಗೆ ಕೇಳುತ್ತಿರುವ ಹಣದಲ್ಲಿ ಎಷ್ಟು ಪ್ಯಾನೆಲ್ ಬರುತ್ತದೆ?" ಆತ ಲೆಕ್ಕ ಹಾಕಿ, ಎರಡು ಎಂದ. ಆರಕ್ಕೆ ಎರಡು ಸೇರಿದರೆ ಮೂರನೇ ಒಂದು ಭಾಗ ಹೆಚ್ಚಾಯಿತು. ಟ್ರ್ಯಾಕರ್ ಕೊಡುವುದು ಕಾಲು ಭಾಗ. ಅದೂ ಪ್ಯಾನೆಲ್‌ನಲ್ಲಿ ತಿರುಗುವ ಭಾಗವಿಲ್ಲ, ಟ್ರ್ಯಾಕರ್‌ನಲ್ಲಿದೆ. "ತಿರುಗುವ ಪ್ಯಾನೆಲ್‌ಗಳ ನಡುವೆ ನೆರಳಾಗದಂತೆ ಅಂತರ ಬಿಡಬೇಕಲ್ಲ, ನಮ್ಮ ತಾರಸಿಯಲ್ಲಿ ಅಷ್ಟು ಜಾಗ ಇದೆಯೇ? ಗಾಳಿಗೆ ತಾರಸಿಯ ಮೇಲೆ ಎಷ್ಟು ಹೊರೆ ಬೀಳುತ್ತದೆ? ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತೀರಿ?" ಆತ ನಗುತ್ತಾ, "ಸ್ಥಿರವಾಗಿಯೇ ಹಾಕಿಸಿ ಮೇಡಂ" ಎಂದ. ಮನೆಯ ವಿದ್ಯುತ್ ಲೈನಿಗೇ ಜೋಡಣೆಯಾಗುವುದರಿಂದ ಅಮ್ಮಿಯ ಪಂಪ್‌ನ ಹಾಗೆ "ಇಷ್ಟು ಶಕ್ತಿ ಬಂದರೆ ಮಾತ್ರ" ಎಂಬ ಕಟ್ಟುಪಾಡು ನಮ್ಮ ತಾರಸಿಗೆ ಇರಲಿಲ್ಲ. ಬೆಳಗಿನ ಅಲ್ಪ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎಂಟು ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಸ್ವಲ್ಪ ಬಾಗಿಸಿ ಸ್ಥಿರವಾಗಿ ಹಾಕಿಸಿದೆವು. ನೆರಳು ಕೊಡುತ್ತಿದ್ದ ನೀರಿನ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿದೆವು. ವಾರಕ್ಕೊಮ್ಮೆ ಮುಂಜಾನೆ ಧೂಳು ತೊಳೆಯುತ್ತೇನೆ.

ಒಂದೇ ವರ್ಷ, ಒಂದೇ ಕುಟುಂಬ. ಹೊಲದಲ್ಲಿ ಸೂರ್ಯನ ಹಿಂದೆ ತಿರುಗುವುದು ಸರಿ ಎಂದೆವು, ಮನೆಯಲ್ಲಿ ಬೇಡ ಎಂದೆವು. ಇದರಲ್ಲಿ ವಿರೋಧವೇನೂ ಇಲ್ಲ. ಟ್ರ್ಯಾಕರ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ಬೆಳಗಿನ ಮತ್ತು ಸಂಜೆಯ ಆ ಹೆಚ್ಚಿನ ಬೆಳಕು ನಮಗೆ ಎಷ್ಟು ಮುಖ್ಯ, ಅದನ್ನು ಹಿಡಿಯಲು ಎಷ್ಟು ಖರ್ಚು, ಕೆಟ್ಟರೆ ಸರಿಮಾಡುವವರು ಯಾರು ಎಂಬುದೇ ಪ್ರಶ್ನೆ. ನಿಮ್ಮ ಮನೆಗೂ ನಾಳೆ ಯಾರಾದರೂ ಅಂದಾಜು ಪಟ್ಟಿ ಹಿಡಿದು ಬಂದಾರು. "ಇದೆಲ್ಲ ಗಂಡಸರ ವಿಷಯ" ಎಂದು ಚಹಾ ಕೊಟ್ಟು ಒಳಗೆ ಹೋಗಬೇಡಿ. ತಾರಸಿಯ ಯಾವ ಮೂಲೆಗೆ ಯಾವ ಹೊತ್ತಿನಲ್ಲಿ ಬಿಸಿಲು ಬರುತ್ತದೆಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬಟ್ಟೆ ಒಣಹಾಕುವ ನೀವೇ.

ಇರ್ಫಾನ್ ಈಗ ಗುತ್ತಿಗೆಯ ಮಾತೆತ್ತುವುದಿಲ್ಲ. ಬೆಳಗ್ಗೆ ಆಫೀಸಿಗೆ ಹೊರಡುವಾಗ ಅಮ್ಮಿಗೆ ಫೋನ್ ಮಾಡುತ್ತಾನೆ. ಮೊದಲು "ಹುಷಾರಾಗಿದ್ದೀರಾ?" ಎಂದು ಕೇಳುತ್ತಿದ್ದ. ಈಗ, "ಅಮ್ಮಿ, ಹಳದಿಗೆ ಹಾಕಿದ್ರಾ?" ಎಂದು ಕೇಳುತ್ತಾನೆ. ಅಮ್ಮಿ ಗದರುತ್ತಾರೆ: "ಇನ್ನೂ ಒಂಬತ್ತು ಗಂಟೆ ಕಣೋ. ಹತ್ತೂವರೆಗೆ!"